ಗಾಜಿನ ನಳಿಗೆಯ ರೋಗಾಣು, ದೇಹದೊಳಗಿನ ರೋಗಾಣು

ರೋಗಾಣುವೊಂದನ್ನು ಪೋಷಕದ್ರವದಲ್ಲಿ ಬೆಳೆಸಿ ಅದರ ಗುಣಗಳನ್ನು ಪರೀಕ್ಷಿಸಿದೊಡನೆ, ಅದನ್ನು ಸಂಪೂರ್ಣವಾಗಿ ಅರಿತೆವೆಂದು ನಾವು ಭಾವಿಸುವುದುಂಟು. ಈ ಭಾವನೆಯನ್ನು ಬಿಡಬೇಕಾದ ಕಾಲ ಬಂದಿದೆ ಎಂಬುದು ನಮ್ಮ ಅಭಿಪ್ರಾಯ.

ಸಾಲ್ಮೊನೆಲ್ಲ ಎಂಬ ಬ್ಯಾಕ್ಟೀರಿಯಗಳನ್ನು ನೋಡೋಣ. ವಿಷಮಶೀತಜ್ವರದ ರೋಗಾಣು ಈ ಗುಂಪಿಗೆ ಸೇರಿದುದು. ಆಹಾರದೊಡನೆ ಕರುಳನ್ನು ಹೊಕ್ಕ ಸಾಲ್ಮೊನೆಲ್ಲವು, ಸೂಜಿಯಂಥ ಅಂಗದ ಮೂಲಕ ಕರುಳಿನ ಜೀವಕೋಶಕ್ಕೆ ಕೆಲವು ಪ್ರೋಟೀನುಗಳನ್ನು ಸೇರಿಸಿ, ಒಳಗೆ ದಾರಿ ಮಾಡಿಕೊಳ್ಳುತ್ತದೆ. ಮುಂದೆ ದೇಹರಕ್ಷಕವಾದ ಭಕ್ಷಕಕೋಶವು ಅದನ್ನು ನುಂಗುತ್ತದೆ. ಅಲ್ಲಿಗೆ ಅದರ ಕಥೆ ಮುಗಿಯಬೇಕಾಗಿತ್ತು, ಆದರೆ ಮುಗಿಯುವುದಿಲ್ಲ. ನುಂಗಿದ ಸಂಚಿಯಲ್ಲಿ ಆಮ್ಲತೆ ಏರಿದಾಗ, ಬ್ಯಾಕ್ಟೀರಿಯದ ಪೊರೆಯಲ್ಲಿರುವ ಫೋಕ್ಯೂ ಎಂಬ ಪ್ರೋಟೀನು ಅದನ್ನು ಗುರುತಿಸಿ, ಫೋಪಿ ಎಂಬ ಮತ್ತೊಂದು ಪ್ರೋಟೀನಿಗೆ ಸೂಚನೆ ಕೊಡುತ್ತದೆ. ಆಗ ಒಳನುಗ್ಗಲು ನೆರವಾದ ಜೀನ್‌ಗಳು ಸ್ತಬ್ಧವಾಗಿ, ಸಂಚಿಯೊಳಗೆ ಬದುಕಲು ಬೇಕಾದ ಜೀನ್‌ಗಳು ಎಚ್ಚರಗೊಳ್ಳುತ್ತವೆ.

ಪರಿಸರಕ್ಕೆ ತಕ್ಕಂತೆ ಬ್ಯಾಕ್ಟೀರಿಯದ ಜೀನ್‌ಗಳು ಕೆಲಸಮಾಡುತ್ತವೆ, ಇಲ್ಲವೆ ಸುಮ್ಮನಿರುತ್ತವೆ ಎಂಬುದನ್ನು ಜಾಕೋಬ್ ಮತ್ತು ಮೊನೊ ಅವರು 1961ರಲ್ಲಿಯೇ ವಿವರಿಸಿದ್ದರು. ರೋಗದ ಸಂದರ್ಭದಲ್ಲಿ ಈ ಬದಲಾವಣೆ ಎಷ್ಟು ವ್ಯಾಪಕವೆಂಬುದು ತಿಳಿದದ್ದು ಬಹುಕಾಲದ ಅನಂತರ. 2003ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ, ಇಲಿಯ ಭಕ್ಷಕಕೋಶವನ್ನು ಸೇರಿದ ಸಾಲ್ಮೊನೆಲ್ಲದ 4451 ಜೀನ್‌ಗಳ ಪೈಕಿ 919 ಜೀನ್‌ಗಳ ಚಟುವಟಿಕೆ ಬದಲಾಗಿದ್ದುದು ಕಂಡುಬಂದಿತು. ಐದರಲ್ಲಿ ಒಂದು ಪಾಲು! ಗಾಜಿನ ನಳಿಗೆಯಲ್ಲಿ ನಾವು ಕಂಡ ಜೀವಿಯೇ ಇದು ಎಂದು ಹೇಳುವುದು ಹೇಗೆ?

ಇದು ಕೇವಲ ಪಂಡಿತರ ಚರ್ಚೆಯಲ್ಲ. ಪೆನಿಸಿಲಿನ್ನಿನಂಥ ಔಷಧಗಳು ಬೆಳೆಯುತ್ತಿರುವ ಬ್ಯಾಕ್ಟೀರಿಯಗಳ ಕೋಶಭಿತ್ತಿಯ ರಚನೆಯನ್ನು ಕೆಡಿಸಿ ಅವನ್ನು ಕೊಲ್ಲುತ್ತವೆ. ಆದರೆ ಭಕ್ಷಕಕೋಶದೊಳಗೆ ಕೆಲವು ಸಾಲ್ಮೊನೆಲ್ಲಗಳು ಬೆಳವಣಿಗೆಯನ್ನೇ ನಿಲ್ಲಿಸಿ, ಔಷಧಕ್ಕೆ ಜಗ್ಗದೆ ಉಳಿಯುತ್ತವೆಂದು 2014ರಲ್ಲಿ ತೋರಿಸಲಾಯಿತು. ನಳಿಗೆಯಲ್ಲಿ ಗೆದ್ದ ಔಷಧವು ದೇಹದಲ್ಲಿ ಸೋಲುವುದಕ್ಕೆ ಇದೂ ಒಂದು ಕಾರಣವಾಗಬಹುದು.

ಪೋಷಕದ್ರವದ ಪ್ರಯೋಗ ಸುಲಭ, ಅಗ್ಗ. ಜೀವಕೋಶದೊಳಗಿನ ಪ್ರಯೋಗ ಕಷ್ಟ, ದುಬಾರಿ ಎಂಬ ಆಕ್ಷೇಪಣೆಯಲ್ಲಿ ನಿಜಾಂಶವಿದೆ. ಹಳೆಯ ವಿಧಾನವನ್ನು ತೊರೆಯಬೇಕೆಂದು ನಾವೂ ಹೇಳುವುದಿಲ್ಲ; ಶುದ್ಧವಾಗಿ ಬೆಳೆಸುವ ವಿದ್ಯೆಯಿಲ್ಲದೆ ಅಣುಜೀವಿವಿಜ್ಞಾನವೇ ಹುಟ್ಟುತ್ತಿರಲಿಲ್ಲ. ಅಲ್ಲಿ ದೊರೆತ ಉತ್ತರವನ್ನೇ ಕೊನೆಯ ಉತ್ತರವೆಂದು ನಂಬಬಾರದು, ಅಷ್ಟೆ. ಮೀನನ್ನು ಅರಿಯಬೇಕಾದರೆ ನೀರಿಗಿಳಿಯಬೇಕು. ಸೂಕ್ಷ್ಮದರ್ಶಕದ ಮುಂದೆ ಕುಳಿತ ವಿದ್ಯಾರ್ಥಿಯು “ಇದು ಯಾವ ಜೀವಿ?” ಎಂದು ಕೇಳಿದ ಮೇಲೆ, “ಇದು ಈಗ ಎಲ್ಲಿದೆ?” ಎಂದೂ ಕೇಳುವುದನ್ನು ಕಲಿಯಲಿ.