ಹರ್ನಿಯಾಗೆ ಕೀಹೋಲ್: ಕಲೆಯ ಮಾತು ಬಿಡಿ, ಕೆಲಸದ ಮಾತಾಡಿ

ಹರ್ನಿಯಾ ಸರಣಿ, ಭಾಗ 3 👇

ಲ್ಯಾಪ್ರೋಸ್ಕೋಪಿ ಜಾಹೀರಾತು ನೋಡಿರ್ತೀರಿ: ಸಣ್ಣ ತೂತು, ಕಲೆಯೇ ಕಾಣಲ್ಲ! ತೊಡೆಸಂದಿನ ಕಲೆಯನ್ನ ಯಾರು ನೋಡ್ತಾರೆ ಹೇಳಿ? ಮೂಟೆ ಹೊರೋರಿಗೆ, ಗಾರೆ ಕೆಲಸದವರಿಗೆ, ದಿನವಿಡೀ ನಿಂತು ದುಡಿಯೋರಿಗೆ ಇರೋ ಪ್ರಶ್ನೆ ಎರಡೇ. ಮತ್ತೆ ಕೆಲಸಕ್ಕೆ ಯಾವಾಗ? ಆಮೇಲೂ ನೋವು ಉಳಿಯುತ್ತಾ? ನನ್ನ ಪ್ರಕಾರ ಕೀಹೋಲ್ ಗೆಲ್ಲೋದು ಇಲ್ಲೇ.

ಹೊಟ್ಟೆಯ ಗೋಡೆ ಒಂದು ಕಡೆ ಸಡಿಲವಾಗಿ ಒಳಗಿನ ಕೊಬ್ಬೋ ಕರುಳೋ ಹೊರಗೆ ಉಬ್ಬೋದೇ ಹರ್ನಿಯಾ. ಎರಡೂ ವಿಧಾನದಲ್ಲಿ ಸಾಮಾನ್ಯವಾಗಿ ಅಲ್ಲಿಗೆ ಮೆಶ್, ಅಂದ್ರೆ ಜಾಲರಿ, ಇಡ್ತಾರೆ. ತೆರೆದ ಆಪರೇಷನ್ನಿನಲ್ಲಿ ಹೆಚ್ಚಾಗಿ ಮುಂದಿನಿಂದ, ಕೀಹೋಲಿನಲ್ಲಿ ಸ್ನಾಯುವಿನ ಹಿಂದೆ. ಸೈಕಲ್ ಟೈರ್ ಹರಿದಾಗ ಅಂಗಡಿಯವರು ಒಳಗಡೆ ಹಳೇ ಟೈರಿನ ತುಂಡು ಇಡ್ತಾರಲ್ಲ, ಟ್ಯೂಬಿನ ಗಾಳಿಯೇ ಅದನ್ನ ಒತ್ತಿ ಹಿಡಿಯುತ್ತೆ. ಇದೂ ಹಾಗೇ. ಹೊಟ್ಟೆಯೊಳಗಿನ ಒತ್ತಡವೇ ಜಾಲರಿಯನ್ನ ಗೋಡೆಗೆ ಒತ್ತುತ್ತೆ. ಮುಂಭಾಗದಲ್ಲಿ ಹಾದುಹೋಗೋ ನರಗಳ ತಂಟೆಯೂ ಕಡಿಮೆ. ತಿಂಗಳುಗಟ್ಟಲೆ ಕಾಡೋ ನೋವು, ಜೋಮು ಕಡಿಮೆ ಆಗೋದಕ್ಕೆ ಅದೊಂದು ಕಾರಣ. ಎರಡೂ ಕಡೆ ಹರ್ನಿಯಾ ಇದ್ರೆ ಸಾಮಾನ್ಯವಾಗಿ ಅದೇ ಮೂರು ತೂತಿನಲ್ಲಿ ಎರಡನ್ನೂ ಮುಗಿಸಬಹುದು.

ಬಿಲ್ ಜಾಸ್ತಿ ಬರುತ್ತೆ, ನಿಜ. ಆದ್ರೆ ಲೆಕ್ಕ ಹಾಕುವಾಗ ಮನೇಲಿ ಕೂತ ದಿನಗಳ ಕೂಲಿಯನ್ನೂ ಸೇರಿಸಿ ನೋಡಿ. ಸಂಬಳದ ರಜೆ ಇರೋರು ಇದನ್ನ ಮರೆತೇ ಬಿಡ್ತಾರೆ.

ಹೆಂಗಸರ ವಿಷಯ ಪ್ರತ್ಯೇಕವಾಗಿ ಹೇಳಬೇಕು. ಹರ್ನಿಯಾ ಅಂದ್ರೆ ಗಂಡಸರ ಕಾಯಿಲೆ ಅಂತ ನಮ್ಮಲ್ಲಿ ಒಂದು ನಂಬಿಕೆ, ಅದಕ್ಕೇ ಎಷ್ಟೋ ಜನ ಅಮ್ಮಂದಿರು ಬಾಯಿ ಬಿಡಲ್ಲ. ತೊಡೆಯ ಮೇಲ್ಭಾಗದಲ್ಲಿ ಬರೋ ಫೆಮೊರಲ್ ಹರ್ನಿಯಾ ಹೆಂಗಸರಲ್ಲೇ ಹೆಚ್ಚು, ಕರುಳು ಸಿಕ್ಕಿಹಾಕಿಕೊಳ್ಳೋ ಅಪಾಯವೂ ಅದರಲ್ಲಿ ಹೆಚ್ಚು. ಮುಂದಿನಿಂದ ತೆರೆದಾಗ ಅದು ಕಣ್ತಪ್ಪಿ ಹೋಗಬಹುದು, ಹಿಂದಿನಿಂದ ಕ್ಯಾಮೆರಾದಲ್ಲಿ ಕಾಣುತ್ತೆ. 2018ರ ಅಂತರರಾಷ್ಟ್ರೀಯ ಮಾರ್ಗಸೂಚಿ ಕೂಡ, ಅನುಭವಿ ಸರ್ಜನ್ ಸಿಗೋದಾದ್ರೆ ಹೆಂಗಸರಿಗೆ ಕೀಹೋಲ್ ಅಂತಲೇ ಹೇಳುತ್ತೆ.

ಅನುಭವಿ ಅನ್ನೋ ಮಾತನ್ನ ಹಾಗೇ ದಾಟಬೇಡಿ. ಈ ಕೆಲಸ ಕೈಗೆ ಕೂರೋಕೆ ತುಂಬಾ ಆಪರೇಷನ್ ಬೇಕು. "ಸಾರ್, ಇದನ್ನ ನೀವು ಎಷ್ಟು ಮಾಡಿದ್ದೀರಿ?" ಅಂತ ಕೇಳೋದ್ರಲ್ಲಿ ಮರ್ಯಾದೆಗೇಡು ಏನೂ ಇಲ್ಲ. ಕೀಹೋಲಿಗೆ ಸಾಮಾನ್ಯವಾಗಿ ಪೂರ್ತಿ ಅರಿವಳಿಕೆ ಬೇಕು. ಹೃದಯ, ಶ್ವಾಸಕೋಶ ಅದನ್ನ ತಡೆಯಲ್ಲ ಅನ್ನೋ ಹಿರಿಯರಿಗೆ ಆ ಜಾಗವನ್ನಷ್ಟೇ ಮರಗಟ್ಟಿಸಿ ಮಾಡೋ ತೆರೆದ ಆಪರೇಷನ್ನೇ ಒಳ್ಳೇದು. ತುಂಬಾ ದೊಡ್ಡ ಹರ್ನಿಯಾಗೂ, ಕೆಳಹೊಟ್ಟೆಗೆ ಮೊದಲೇ ಆಪರೇಷನ್ ಆಗಿರೋರಿಗೂ ಕೆಲವೊಮ್ಮೆ ಅದೇ ಸರಿ. ಆದ್ರೆ "ನಮ್ಮಲ್ಲಿ ಅದು ಮಾಡಲ್ಲ" ಅನ್ನೋದನ್ನ "ನಿಮಗೆ ಅದು ಬೇಡ" ಅಂತ ತಿರುಗಿಸಿ ಹೇಳಿದ್ರೆ, ಇನ್ನೊಬ್ಬ ಡಾಕ್ಟರನ್ನ ಕೇಳಿ.

ಇನ್ನು ಬೆಲ್ಟು. ವರ್ಷಗಟ್ಟಲೆ ಕಟ್ಟಿಕೊಂಡು ಓಡಾಡ್ತಾರೆ. ಅದು ತೂತನ್ನ ಮುಚ್ಚಲ್ಲ, ಮರೆಮಾಡುತ್ತೆ ಅಷ್ಟೇ.

ಗಂಟು ಗಟ್ಟಿಯಾಗಿ, ಒಳಗೆ ಹೋಗದೆ, ಜೋರು ನೋವು, ವಾಂತಿ ಶುರುವಾದ್ರೆ ಯಾವ ವಿಧಾನ ಅಂತ ಯೋಚಿಸ್ತಾ ಕೂರಬೇಡಿ. ನೀವೇ ಒತ್ತಿ ಒಳಗೆ ತಳ್ಳೋಕೂ ಹೋಗಬೇಡಿ. ಆ ರಾತ್ರಿಯೇ ಕ್ಯಾಷುವಾಲ್ಟಿಗೆ ಹೊರಡಿ 🙏

ಮುಂದಿನ ಭಾಗ: ಹೊಕ್ಕುಳ ಹರ್ನಿಯಾ, ಅದರಲ್ಲೂ ಹೆರಿಗೆ ಆದಮೇಲೆ ಬರೋದು.

#ಹರ್ನಿಯಾ #ಕೀಹೋಲ್ #ಕನ್ನಡದಲ್ಲಿಆರೋಗ್ಯ