ಹೆಂಗಸರ ಹೆಸರಿನ ಸಾಲ, ಗಂಡಸರ ಹೆಸರಿನ ಪಹಣಿ

2025ರ ಜನವರಿಯಲ್ಲಿ ಚಾಮರಾಜನಗರ, ಮೈಸೂರು ಜಿಲ್ಲೆಗಳ ಹಳ್ಳಿಗಳಲ್ಲಿ ಮೈಕ್ರೋಫೈನಾನ್ಸ್ ಸಾಲದ ವಸೂಲಿಗೆ ಅಂಜಿ ಕುಟುಂಬಗಳು ಮನೆಗೆ ಬೀಗ ಜಡಿದು ಊರು ಬಿಟ್ಟವು. ಹಾವೇರಿ ಜಿಲ್ಲೆಯ ಹೆಂಗಸರು ಮಾಂಗಲ್ಯವನ್ನೇ ಮುಖ್ಯಮಂತ್ರಿಗೆ ಅಂಚೆಯಲ್ಲಿ ಕಳಿಸಿ, ಫೈನಾನ್ಸಿನವರ ಕಾಟ ತಪ್ಪಿಸಿ ಎಂದು ಬೇಡಿಕೊಂಡರು. ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ ತರಾತುರಿಯಲ್ಲಿ ಸುಗ್ರೀವಾಜ್ಞೆ ರೂಪಿಸಿತು. ಹತ್ತು ವರ್ಷ ಜೈಲು, ಐದು ಲಕ್ಷ ರೂಪಾಯಿ ದಂಡ ಅತಿಯಾಯಿತೆಂದು ರಾಜ್ಯಪಾಲರು ಅದನ್ನು ಒಮ್ಮೆ ಹಿಂದಕ್ಕೆ ಕಳಿಸಿ, ಫೆಬ್ರುವರಿ 12ರಂದು ಅಂಕಿತ ಹಾಕಿದರು. ಅಲ್ಲಿಂದಾಚೆಗೆ ಚರ್ಚೆಯೆಲ್ಲ ವಸೂಲಿಗೆ ಬರುವವನ ಸುತ್ತಲೇ ನಡೆಯಿತು: ಎಷ್ಟು ಹೊತ್ತಿಗೆ ಬಾಗಿಲು ಬಡಿದ, ಏನೆಂದು ಬೈದ, ಯಾರೆದುರು ಅವಮಾನಿಸಿದ. ಅಷ್ಟೊಂದು ಸಾಲ ಆ ಹೆಂಗಸರ ಹೆಸರಿನಲ್ಲೇ ಏಕೆ ಇತ್ತು ಎಂದು ಕೇಳಿದವರು ಕಡಿಮೆ.

ಇದಕ್ಕೆ ಸಿದ್ಧ ಉತ್ತರ ಒಂದಿದೆ: ಮಹಿಳಾ ಸಬಲೀಕರಣ. ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕಿಗೂ ಅದರ ಸ್ಥಾಪಕ ಮುಹಮ್ಮದ್ ಯೂನುಸ್ ಅವರಿಗೂ 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂದ ಮೇಲಂತೂ ಬಡ ಹೆಣ್ಣಿನ ಕೈಗೆ ಸಣ್ಣ ಸಾಲ ಕೊಟ್ಟರೆ ಉಳಿದದ್ದೆಲ್ಲ ತಾನಾಗಿಯೇ ಆಗುತ್ತದೆ ಎಂಬ ನಂಬಿಕೆ ಸರ್ಕಾರಿ ವರದಿಗಳಲ್ಲೂ ಬೇರೂರಿತು. ಈ ನಂಬಿಕೆಯನ್ನು ಕೈಬಿಡುವ ಹೊತ್ತು ಬಂದಿದೆ.

ವ್ಯವಹಾರ ನಡೆಯುವ ಬಗೆಯನ್ನೇ ನೋಡಿ. ಒಂದೇ ಕೇರಿಯ ಐದೋ ಹತ್ತೋ ಹೆಂಗಸರ ಗುಂಪು. ಅಡಮಾನ ಬೇಡ, ಒಬ್ಬಳಿಗೆ ಇನ್ನೊಬ್ಬಳು ಜಾಮೀನು. ವಾರದ ಅಥವಾ ತಿಂಗಳ ಮೀಟಿಂಗಿನಲ್ಲಿ ಒಬ್ಬಳ ಕಂತು ಬಾರದಿದ್ದರೆ ಉಳಿದವರು ಕೂಲಿ ಬಿಟ್ಟು ಅಲ್ಲೇ ಕಾಯಬೇಕು, ಇಲ್ಲವೇ ತಾವೇ ಹಾಕಿಕೊಟ್ಟು ಎದ್ದು ಬರಬೇಕು. ಮರುದಿನ ಬೋರ್‌ವೆಲ್ ಬಳಿ ಅವಳ ಮುಖ ನೋಡಲೇಬೇಕು. ಗಂಡಸರು ಊರು ಬಿಟ್ಟು ಕೆಲಸಕ್ಕೆ ಹೋಗುತ್ತಾರೆ, ಫೋನ್ ಎತ್ತುವುದಿಲ್ಲ, ಜಗಳಕ್ಕೆ ನಿಲ್ಲುತ್ತಾರೆ. ಹೆಂಗಸರು ಮನೆಯಲ್ಲಿ ಸಿಗುತ್ತಾರೆ, ಮರ್ಯಾದೆಗೆ ಅಂಜುತ್ತಾರೆ, ಓಲೆ ಅಡವಿಟ್ಟಾದರೂ ಕಟ್ಟುತ್ತಾರೆ. ಸಾಲದ ಕಂಪನಿಗಳು ಹೆಂಗಸರನ್ನು ಹುಡುಕಿಕೊಂಡು ಬಂದದ್ದರ ಹಿಂದಿನ ವ್ಯಾಪಾರದ ಲೆಕ್ಕ ಇದು. ಅವಳ ಅಂಜಿಕೆಯೇ ಇಲ್ಲಿ ಅಡಮಾನ.

ಸಂಶೋಧನೆಗಳೂ ಈ ನಂಬಿಕೆಯ ಪರವಾಗಿಲ್ಲ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡ್ಯುಫ್ಲೊ ಮತ್ತು ಸಂಗಡಿಗರು ಹೈದರಾಬಾದಿನ 104 ಬಡ ಬಡಾವಣೆಗಳಲ್ಲಿ ಅಧ್ಯಯನ ಮಾಡಿದರು. ಅರ್ಧದಷ್ಟು ಕಡೆ ಮೊದಲು ಮೈಕ್ರೋಫೈನಾನ್ಸ್ ಶಾಖೆ ತೆರೆದು, ಉಳಿದ ಕಡೆ ತಡಮಾಡಿ ಹೋಲಿಸಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಕೆಲವರ ಅಂಗಡಿ, ವ್ಯಾಪಾರ ತುಸು ಬೆಳೆದಿತ್ತು. ಆದರೆ ಮಕ್ಕಳ ಓದು, ಆರೋಗ್ಯ, ಮನೆಯಲ್ಲಿ ಹೆಣ್ಣಿನ ಮಾತಿಗೆ ಬೆಲೆ, ಈ ಯಾವುದರಲ್ಲೂ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಬಾಂಗ್ಲಾದೇಶದಲ್ಲಿ ಹೆಂಗಸರು ತಂದ ಸಾಲದ ದೊಡ್ಡ ಪಾಲು ಗಂಡಸರ ಹಿಡಿತದಲ್ಲೇ ಇತ್ತೆಂದು ಆನ್ ಮೇರಿ ಗೋಟ್ಸ್ ಮತ್ತು ರೀನಾ ಸೇನ್ ಗುಪ್ತಾ 1996ರಷ್ಟು ಹಿಂದೆಯೇ ಬರೆದಿದ್ದರು. ಹಣ ಖರ್ಚು ಮಾಡುವವನು ಅವನು, ಕಂತಿಗೆ ಓಡಾಡುವವಳು ಅವಳು.

ಕರ್ನಾಟಕಕ್ಕೆ ಎಚ್ಚರಿಕೆ ಮೊದಲೇ ಸಿಕ್ಕಿತ್ತು. 2009ರಲ್ಲಿ ಕೋಲಾರದಲ್ಲಿ, ರೇಷ್ಮೆ ಕಸುಬು ನೆಲಕಚ್ಚಿದ ಹೊತ್ತಿನಲ್ಲಿ, ಮನೆಮನೆಯಲ್ಲೂ ಹಲವು ಕಂಪನಿಗಳ ಸಾಲ ಸೇರಿಕೊಂಡಿತ್ತು. ಕಂತು ಕಟ್ಟಬೇಡಿ ಎಂದು ಸ್ಥಳೀಯ ಅಂಜುಮನ್ ಸಮಿತಿ ಕರೆ ಕೊಟ್ಟಿತು, ಅದು ರಾಮನಗರದ ಕಡೆಗೂ ಹಬ್ಬಿತು. ಮರುವರ್ಷ ಆಂಧ್ರದಲ್ಲಿ ಸಾಲಗಾರರ ಆತ್ಮಹತ್ಯೆಗಳ ಸುದ್ದಿ ಬಂದು, ಅಕ್ಟೋಬರಿನಲ್ಲಿ ಅಲ್ಲಿಯೂ ಸುಗ್ರೀವಾಜ್ಞೆ ಬಂತು. ಹದಿನೈದು ವರ್ಷಗಳ ಬಳಿಕ ಅದೇ ಕಥೆ ಚಾಮರಾಜನಗರದಲ್ಲಿ ಮರುಕಳಿಸಿದೆ.

ಸಾಲದ ಕಂಪನಿಗಳ ಪರ ವಾದಿಸುವವರು ಹೇಳುವ ಒಂದು ಮಾತಿನಲ್ಲಿ ಹುರುಳಿದೆ. ಆಂಧ್ರದ ಆದೇಶದ ನಂತರ ದೇಶದ ಬೇರೆಡೆಯೂ ಸಣ್ಣ ಸಾಲ ಬತ್ತಿತು. ಹಾಗೆ ಬತ್ತಿದ ಜಿಲ್ಲೆಗಳಲ್ಲಿ ಕೂಲಿಯೂ ಮನೆಖರ್ಚೂ ಇಳಿದವು ಎಂದು ಎಮಿಲಿ ಬ್ರೆಜಾ ಮತ್ತು ಸಿಂಥಿಯಾ ಕಿನ್ನನ್ ಅವರ ಅಧ್ಯಯನ ತೋರಿಸಿದೆ. ಸಾಲವೇ ಸಿಗದಂತೆ ಮಾಡಿದರೆ ಬಡವರು ಮೀಟರ್ ಬಡ್ಡಿಯವನ ಬಾಗಿಲಿಗೆ ಹೋಗಬೇಕಾಗುತ್ತದೆ. ಆದ್ದರಿಂದ ಸಾಲ ಇರಲಿ. ಅದು ನಿಯಮಕ್ಕೆ ಒಳಪಟ್ಟ ವ್ಯಾಪಾರವಾಗಿರಲಿ. ಅದನ್ನು ಹೆಣ್ಣಿನ ಏಳಿಗೆಯ ಕಾರ್ಯಕ್ರಮವೆಂದು ಲೆಕ್ಕ ಹಾಕುವುದು ಮಾತ್ರ ನಿಲ್ಲಲಿ.

ನಿಯಮಕ್ಕೇನೂ ಕೊರತೆಯಿಲ್ಲ. ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನದಂತೆ, ಒಂದು ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಕೂಡದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ಮೇಲೆ ಸಾಲಗಾರರಿಗೆ ಕರೆ ಮಾಡಕೂಡದು, ನೆಂಟರಿಷ್ಟರನ್ನು ಪೀಡಿಸಕೂಡದು. ಅದೇ ನಿರ್ದೇಶನ ಬಡ್ಡಿಯ ಮೇಲಿದ್ದ ಮಿತಿಯನ್ನು ತೆಗೆದು, ದರ ನಿಗದಿಯನ್ನು ಕಂಪನಿಗಳ ಆಡಳಿತ ಮಂಡಳಿಗೆ ಬಿಟ್ಟಿತು. ಆದಾಯದ ಅರ್ಧ ಎಂಬ ಮಿತಿ ಮುರಿದು ಸಾಲ ಕೊಟ್ಟರೆ ಆ ನಷ್ಟ ಕೊಟ್ಟವರದೇ ಎಂದು ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಹೇಳಬೇಕು. ರಾಜ್ಯದ ಕಾನೂನಿಗೆ ಆ ಶಕ್ತಿಯಿಲ್ಲ: ಆರ್‌ಬಿಐ ನೋಂದಣಿ ಇರುವ ಬ್ಯಾಂಕೇತರ ಹಣಕಾಸು ಕಂಪನಿಗಳಿಗೆ (ಎನ್‌ಬಿಎಫ್‌ಸಿ) ರಾಜ್ಯಗಳ ಲೇವಾದೇವಿ ಕಾಯ್ದೆ ಅನ್ವಯಿಸದೆಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿದೆ.

ಹಾಗಾದರೆ ರಾಜ್ಯ ಏನು ಮಾಡಬಹುದು? ಬೇಕಾದಷ್ಟಿದೆ. ಸ್ವಸಹಾಯ ಗುಂಪುಗಳ ಮಾದರಿ ಬೆಳೆದದ್ದೇ ಈ ನೆಲದಲ್ಲಿ. 1980ರ ದಶಕದಲ್ಲಿ ಮೈರಾಡ ಸಂಸ್ಥೆ ಕಟ್ಟಿ ಬೆಳೆಸಿದ ಗುಂಪುಗಳ ಅನುಭವದ ಮೇಲೆಯೇ ನಬಾರ್ಡ್ 1992ರಲ್ಲಿ ಅವುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರುಮಾಡಿತು. ಅಲ್ಲಿ ಉಳಿತಾಯ ಮೊದಲು, ಸಾಲ ಆಮೇಲೆ. ಒಳಸಾಲದ ಬಡ್ಡಿ ಗುಂಪಿನಲ್ಲೇ ಉಳಿಯುತ್ತದೆ. ಇನ್ನು ತೀರಾ ಬಡವರಿಗೆ ಆಸ್ತಿಯನ್ನೇ ಕೊಡಬೇಕು. ಪಶ್ಚಿಮ ಬಂಗಾಳದ ಮುರ್ಷಿದಾಬಾದಿನಲ್ಲಿ ಬಂಧನ್ ಸಂಸ್ಥೆ ಬಡ ಹೆಂಗಸರಿಗೆ ಹಸು, ಆಡುಗಳನ್ನು ಸಾಲವಾಗಿ ಅಲ್ಲದೆ ಉಚಿತವಾಗಿ ಕೊಟ್ಟು, ಕೆಲವು ತಿಂಗಳು ಕೈಖರ್ಚಿಗೆ ಹಣ, ಜೊತೆಗೆ ತರಬೇತಿ ಕೊಟ್ಟಿತು. ಹತ್ತು ವರ್ಷ ಕಳೆದ ಮೇಲೂ ಆ ಮನೆಗಳ ಗಳಿಕೆ, ಊಟ, ಆರೋಗ್ಯ ಸುಧಾರಿಸಿಯೇ ಇತ್ತು.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಪಹಣಿಯದು. ಕರ್ನಾಟಕದ ಸಹಕಾರ ಸಂಘಗಳಲ್ಲಿ ರೈತರಿಗೆ ಶೂನ್ಯ ಬಡ್ಡಿಯ ಸಾಲವಿದೆ. ಅದರ ಮಿತಿಯನ್ನು 2023ರಲ್ಲಿ ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಲಾಯಿತು. ಅದಕ್ಕೆ ಪಹಣಿಯಲ್ಲಿ ಹೆಸರಿರಬೇಕು. 2015-16ರ ಕೃಷಿ ಗಣತಿಯಂತೆ ದೇಶದ ಹಿಡುವಳಿದಾರರಲ್ಲಿ ಹೆಂಗಸರು ಶೇಕಡ 14ರಷ್ಟು ಮಾತ್ರ. ಕಳೆ ಕೀಳುವವಳು, ನಾಟಿ ಮಾಡುವವಳು, ಹಾಲು ಕರೆಯುವವಳು ಹೆಂಗಸೇ ಆದರೂ ಸೊಸೈಟಿಯ ಶೂನ್ಯ ಬಡ್ಡಿ ಗಂಡನಿಗೆ. ಫೈನಾನ್ಸಿನ ಶೇಕಡ 20 ದಾಟಿದ ಬಡ್ಡಿ ಹೆಂಡತಿಗೆ. ಗಂಡು ಹೆಣ್ಣಿನ ನಡುವಿನ ಆರ್ಥಿಕ ಅಂತರ ಇಷ್ಟು ಬೆತ್ತಲೆಯಾಗಿ ಬೇರೆಲ್ಲೂ ಕಾಣುವುದಿಲ್ಲ.

ಕಾನೂನು ಇಲ್ಲವೆನ್ನುವ ಹಾಗೂ ಇಲ್ಲ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲನ್ನು ಕೇಂದ್ರ ಕೊಟ್ಟದ್ದು 2005ರಲ್ಲಿ. ಕರ್ನಾಟಕ 1994ರಲ್ಲೇ ಕೊಟ್ಟಿತ್ತು. ಆದರೆ ಅಪ್ಪ ತೀರಿಕೊಂಡು ಪೌತಿ ಖಾತೆ ಮಾಡಿಸುವ ಹೊತ್ತಿಗೆ, ತವರಿನ ಬಾಂಧವ್ಯ ಉಳಿದರೆ ಸಾಕೆಂದು ಅಕ್ಕತಂಗಿಯರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುತ್ತಾರೆ. ಸಹಿಗೆ ಮೊದಲು ಅವರ ಪಾಲಿನ ಬೆಲೆ ಎಷ್ಟೆಂದು ಕಂದಾಯ ಇಲಾಖೆ ಅವರಿಗೆ ಲಿಖಿತವಾಗಿ ತಿಳಿಸಲಿ, ಯೋಚಿಸಲು ಕಾಲಾವಕಾಶ ಕೊಡಲಿ. ಗಂಡ ತೀರಿಹೋದ ಮನೆಗಳಲ್ಲಿ ಹೆಂಡತಿಯ ಹೆಸರು ಬಿಟ್ಟು ಮಗನ ಹೆಸರಿಗಷ್ಟೇ ಖಾತೆ ಮಾಡುವ ರೂಢಿ ನಿಲ್ಲಲಿ. ಸರ್ಕಾರ ಹಂಚುವ ನಿವೇಶನ, ಜಮೀನಿನ ಹಕ್ಕುಪತ್ರದಲ್ಲಿ ಆಕೆಯ ಹೆಸರು ಮೊದಲು ಬರಲಿ. ಮುಂದಿನ ಬಜೆಟ್ಟಿನ ಮಹಿಳಾ ಅಧ್ಯಾಯದಲ್ಲಿ ಎಷ್ಟು ಹೆಂಗಸರಿಗೆ ಸಾಲ ಕೊಡಿಸಿದೆವು ಎಂಬ ಅಂಕಿಯ ಜಾಗದಲ್ಲಿ, ತಾಲ್ಲೂಕುವಾರು ಎಷ್ಟು ಪಹಣಿಗಳಿಗೆ ಹೊಸದಾಗಿ ಹೆಂಗಸರ ಹೆಸರು ಸೇರಿತು ಎಂಬ ಅಂಕಿ ಅಚ್ಚಾಗಲಿ.