ಉಪ್ಪು ಕಡಿಮಿ ಮಾಡೀವಿ, ಸದ್ದು?

ನಮ್ಮ ಮನಿಯವ್ರು ಹನ್ನೆರಡು ವರ್ಷದಿಂದ ಅಕ್ಕಿ ಗಿರಣ್ಯಾಗ ದುಡಿತಾರ. ಮಸ್ಕಿ, ಸಿಂಧನೂರು ಕಡಿಯವ್ರಿಗೆ ಇದೇನು ಹೊಸಾದಲ್ಲ. ತುಂಗಭದ್ರಾ ಎಡದಂಡಿ ಕಾಲುವಿ ನೀರು ಬಂತು, ಭತ್ತ ಬಂತು, ಭತ್ತದ ಹಿಂದ ಗಿರಣಿ ಬಂದ್ವು. ಸಂಜಿಮುಂದ ಮನಿಗೆ ಬಂದ್ರ ಅವ್ರ ಮಾತು ಜಗಳ ಮಾಡಿದಂಗ ಇರತೈತಿ. ಟಿ.ವಿ. ಸದ್ದು ಓಣಿ ತನಕ. "ಯಾಕ ಒದರ್ತೀರಿ?" ಅಂದ್ರ, "ನಾ ಎಲ್ಲಿ ಒದರೀನಿ?" ಅಂತಾರ. ಕಿವಿ ಮಂದ ಆಗ್ಯಾವ ಅಂತ ನಕ್ಕು ಬಿಟ್ಟಿದ್ದೆ.

ಹೋದ ವರ್ಷ ತಲಿ ತಿರುಗಿ ಕುಂತಾಗ ನೋಡಿದ್ರ ಬಿ.ಪಿ. 160ರ ಮ್ಯಾಲ. ಡಾಕ್ಟ್ರು ಗುಳಿಗಿ ಬರದ್ರು. ಉಪ್ಪಿನಕಾಯಿ, ಹಪ್ಪಳ ಕಡಿಮಿ ಮಾಡ್ರಿ, ಬೀಡಿ ಬಿಡ್ರಿ ಅಂದ್ರು. ಖರೇನ. ಆದ್ರ ದಿನಾ ಎಲ್ಲಿ ನಿಂತು ದುಡಿತೀರಿ ಅಂತ ಅವ್ರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಕ್ಕತಂಗೇರೇ, ಸದ್ದು ಬರೇ ಕಿವಿಗೆ ಬಡಿಯಂಗಿಲ್ಲ. ನಾಯಿ ಬೆನ್ನಟ್ಟಿದಾಗ ಎದಿ ಡವಡವ ಅಂತೈತಲ್ಲ, ಜೋರು ಸದ್ದಿಗೂ ಮೈ ಹಂಗ ಹೆದರತೈತಿ. ಅಡ್ರಿನಲಿನ್, ಕಾರ್ಟಿಸಾಲ್ ಅನ್ನೋ ರಸ ಏರ್ತಾವ, ರಕ್ತನಾಳ ಬಿಗಿ ಆಗ್ತಾವ, ಬಿ.ಪಿ. ಏರತೈತಿ. ನಾಯಿ ಹೋದ್ರ ಎದಿ ತಣ್ಣಗಾಗತೈತಿ. ಗಿರಣಿ ದಿನಾ 8 ತಾಸು ಬೆನ್ನಟ್ಟತೈತಿ. "ರೂಢಿ ಆಗೇತಿ ಬಿಡು" ಅಂತಾರ ಇವ್ರು. ರೂಢಿ ಆಗಿದ್ದು ಮನಸಿಗೆ, ರಕ್ತನಾಳಕ್ಕಲ್ಲ. ಬಿ.ಪಿ.ಗೆ ಸದ್ದೊಂದ ಕಾರಣ ಅಂತ ನಾ ಅನ್ನಂಗಿಲ್ಲ. ವಯಸ್ಸು, ಉಪ್ಪು, ಬೀಡಿ ಎಲ್ಲಾ ಕೂಡ್ತಾವ. ಆದ್ರ ಅದನ್ನ ಲೆಕ್ಕಕ್ಕ ಹಿಡಿಯದ ಇರೋದು ತಪ್ಪು.

ನಮ್ಮ ದೇಶದ ಕಾರ್ಖಾನಿ ನಿಯಮದಾಗ 8 ತಾಸಿಗೆ 90 ಡೆಸಿಬಲ್ ಮಿತಿ. 1948ರ ಕಾರ್ಖಾನೆ ಕಾಯ್ದೆಯ ರೋಗದ ಪಟ್ಟ್ಯಾಗ ಸದ್ದಿನಿಂದ ಬರೋ ಕಿವುಡು ಇತ್ತು, ಎದಿ ಬ್ಯಾನಿ ಇರಲಿಲ್ಲ. ಕಿವಿಗೆ ಇರೋ ಲೆಕ್ಕ ಎದಿಗೆ ಯಾಕಿಲ್ಲ? ಸಮುದ್ರದ ಹಡಗಿನವ್ರ ನಿಯಮ ನೋಡ್ರಿ. ಎಂಜಿನ್ ಕೋಣಿಗೆ 110 ಡೆಸಿಬಲ್ ಮಿತಿ ಇಟ್ಟು ಬಿಟ್ಟಿಲ್ಲ, ದೊಡ್ಡ ಹೊಸ ಹಡಗಿನ್ಯಾಗ ಮಲಗೋ ಕೋಣಿಗೂ 55 ಅಂತ ಮಿತಿ ಹಾಕ್ಯಾರ. ಯಾಕಂದ್ರ ಕೆಲಸ ಮುಗದ್ರೂ ಆ ಮಂದಿ ಹಡಗು ಬಿಟ್ಟು ಎಲ್ಲಿ ಹೋಗಬೇಕು? ದುಡಿಯೋರಿಗೆ ಸದ್ದಿಲ್ಲದ ನಿದ್ದಿನೂ ಬೇಕು ಅಂತ ಅವ್ರು ಒಪ್ಯಾರ.

ನಮ್ಮವ್ರು ಮನಿಗಾದ್ರೂ ಬರ್ತಾರ. ಆದ್ರ ಮನ್ಯಾಗ ಏನೈತಿ? ಟಿ.ವಿ., ಮಿಕ್ಸಿ, ಓಣ್ಯಾಗ ಡಿಜೆ. ಅದಕ್ಕ ನಾ ಈಗ ಅವ್ರು ಬಂದ ಮ್ಯಾಲ ಒಂದು ತಾಸು ಟಿ.ವಿ. ಹಚ್ಚಂಗಿಲ್ಲ. ಮೊದಲು ಸಿಟ್ಟಾದ್ರು, ಈಗ ಅಂಗಳದಾಗ ಸುಮ್ನ ಕುಂದರ್ತಾರ.

ನಿಮ್ಮ ಮನಿಯವ್ರು ಗಿರಣ್ಯಾಗೋ, ಹಟ್ಟಿ ಗಣ್ಯಾಗೋ, ಜಿನ್ನಿಂಗ್ ಮಿಲ್ಲಿನ್ಯಾಗೋ ಇದ್ರ, ನೀವ ಅಲ್ಲಿ ದುಡಿತಿದ್ರನೂ, ಒಂದು ಕೇಳ್ರಿ: ಒಂದು ಮೊಳ ದೂರ ನಿಂತವ್ರ ಜೋಡಿ ಒದರಿ ಮಾತಾಡಬೇಕಾಗತೈತಾ? ಹೌದಂದ್ರ ಸದ್ದು ಜಾಸ್ತಿ ಐತಿ. ಹತ್ತಿ ತುರುಕಿದ್ರ ಸಾಲಂಗಿಲ್ಲ. ಕಿವಿ ಮುಚ್ಚೋ ಮಫ್ ಬೇಕು, ಮಷಿನ್ನಿಗೆ ಎಣ್ಣಿ, ದುರಸ್ತಿ ಬೇಕು. ಅದು ಮಾಲಕರ ಖರ್ಚು, ನಮ್ಮ ಪಗಾರದ್ದಲ್ಲ. ಡಾಕ್ಟ್ರು ಕೇಳದಿದ್ರೂ ಕೆಲಸ ಏನು ಅಂತ ಹೇಳ್ರಿ. ಗುಳಿಗಿ ಮಾತ್ರ ತಾವ ಬಿಡಬ್ಯಾಡ್ರಿ.

ಸಾರಿನ ಉಪ್ಪಿಗೆ ನಮ್ಮನ್ನ ಕೇಳೋರು, ಗಿರಣಿ ಸದ್ದಿಗೆ ಗಿರಣಿಯವ್ರನ್ನ ಕೇಳಲಿ.